ಕಾವೂರಿನಲ್ಲಿ ಗ್ರಹಣ ನೋಡಿದ್ದು

ಗದಗಿನಿಂದ ಮಂಗಳೂರಿಗೆ ಬಂದ ವರ್ಷ ನನ್ನನ್ನು ಬೆಚ್ಚಿಬೀಳಿಸಿದ್ದು ಒಂದು ಶಬ್ದ. ದೀಪಾವಳಿ ಕಳೆದ ಮೇಲೊಂದು ದಿನ ಕಾವೂರಿನ ಬಾಡಿಗೆ ಮನೆಯ ಬಾವಿಕಟ್ಟೆಯಲ್ಲಿ ಕೊಡ ಎತ್ತಲು ಬಾಗಿದ್ದೆ. ಪಕ್ಕದ ಮನೆಯಾಕೆ ನನ್ನತ್ತ ಕೈ ತೋರಿಸಿ ‘ಬಂಜಿನಾಳ್’ ಎಂದರು. ನನಗೆ ಕೇಳಿಸಿದ್ದು ‘ಬಂಜೆ’. ಹಿಂದಿನ ವರ್ಷ ಒಂದು ಗರ್ಭ ನಿಲ್ಲದೆ ಹೋಗಿತ್ತು. ಈಗ ಮತ್ತೆ ಮೂರನೆಯ ತಿಂಗಳು. ಕೊಡವನ್ನು ಅಲ್ಲೇ ಬಿಟ್ಟು ಒಳಗೆ ಬಂದು ಅತ್ತುಬಿಟ್ಟೆ.

ಮನೆಯೊಡತಿ ಕುಸುಮಕ್ಕ ಹಿಂದೆಯೇ ಓಡಿ ಬಂದರು. “ಎಂತ ಆಯ್ತು ಟೀಚರೇ?” ವಿಷಯ ತಿಳಿದು ಹಣೆ ಚಚ್ಚಿಕೊಂಡರು. “ಅಯ್ಯೋ ದೇವರೇ! ತುಳುವಿನಲ್ಲಿ ಬಂಜಿ ಅಂದ್ರೆ ಹೊಟ್ಟೆ. ಬಂಜಿನಾಳ್ ಅಂದ್ರೆ ಬಸುರಿ. ಬಸುರಿ ನೀರು ಸೇದಬಾರ್ದು ಅಂತ ಹೇಳಿದ್ದು ಮಾರಾಯ್ರೆ!”

ಅಂದಿನಿಂದ ನನ್ನ ನೀರು ಸೇದಿದ್ದು ಅವರೇ.

ನನ್ನ ಯಜಮಾನರಿಗೆ ಬಂದರಿನಲ್ಲಿ ಕೆಲಸ. ನನಗೆ ಹತ್ತಿರದ ಹೈಸ್ಕೂಲಿನಲ್ಲಿ ವಿಜ್ಞಾನ, ಭೂಗೋಳದ ಪಾಠ. ನಮ್ಮ ಕಡೆ ಎರೆಹೊಲದ ನಡುವೆ ನಿಂತರೆ ಆಕಾಶ ಸುತ್ತಲೂ ನೆಲಕ್ಕೆ ತಾಗುತ್ತದೆ, ದಿಗಂತ ಎಂದರೇನೆಂದು ಯಾರಿಗೂ ವಿವರಿಸಬೇಕಾಗಿಲ್ಲ. ಇಲ್ಲಿ ಗುಡ್ಡ, ತೆಂಗಿನ ಗರಿ, ಅದರ ಮೇಲೆ ಮೋಡ. ಜೂನಿನಲ್ಲಿ ಸಪ್ತರ್ಷಿ ಮಂಡಲದ ಪಾಠ ಮಾಡಿದೆ. ಮೋಡ ಸರಿಯುವಷ್ಟರಲ್ಲಿ ಸಪ್ತರ್ಷಿಗಳು ಸಂಜೆಯ ಆಕಾಶದಿಂದ ಇಳಿದೇ ಹೋಗಿದ್ದರು. ನನ್ನ ‘ಯಾಕ್ರೀ’ ಕೇಳಿದರೆ ಮಕ್ಕಳು ಮುಸಿಮುಸಿ ನಗುತ್ತಿದ್ದರು. ಜೋಳದ ರೊಟ್ಟಿಯ ಹೊಟ್ಟೆಗೆ ಕುಚ್ಚಲಕ್ಕಿ ಗಂಜಿ ಒಗ್ಗಲು ದಸರೆ ಬಂತು.

ಆಮೇಲೆ ಎಂಬತ್ತರ ಫೆಬ್ರವರಿಯ ಸೂರ್ಯಗ್ರಹಣ ಬಂತು.

ಪತ್ರಿಕೆಯ ನಕ್ಷೆಯಲ್ಲಿ ಒಂದು ಕಪ್ಪು ಪಟ್ಟಿ ಕಡಲಿನಿಂದ ಹತ್ತಿ ನೇರ ನಮ್ಮ ಗದಗಿನ ಮೇಲೆ ಹಾದುಹೋಗಿತ್ತು. ಅಲ್ಲಿ ಪೂರ್ಣಗ್ರಹಣ. ಮಂಗಳೂರು ಪಟ್ಟಿಯಿಂದ ಹೊರಗೆ; ಇಲ್ಲಿ ಸೂರ್ಯನ ಒಂದು ಚೂರು ಉಳಿಯುತ್ತದೆ. ಹೀಗೇಕೆ ಎಂದು ಮಕ್ಕಳು ಕೇಳಿದರು. ತರಗತಿಯ ಕಿಟಕಿ ಮುಚ್ಚಿ ಚಿಮಣಿ ದೀಪ ಹಚ್ಚಿ, ಅದರೆದುರು ನಿಂಬೆಹಣ್ಣು ಹಿಡಿದು, ಆಚೆ ಒಂದು ತೆಂಗಿನಕಾಯಿ ಇಟ್ಟೆ. ನಿಂಬೆಯ ನೆರಳಿನ ಕಪ್ಪು ನಡುಭಾಗ ಕಾಯಿಯ ಒಂದಿಷ್ಟು ಜಾಗಕ್ಕೆ ಮಾತ್ರ ಬಿತ್ತು, ಸುತ್ತಲೂ ಮಸುಕು ನೆರಳು. “ಚಂದ್ರ ಚಿಕ್ಕವನು, ಅವನ ದಟ್ಟ ನೆರಳು ಭೂಮಿಯನ್ನೆಲ್ಲ ಮುಚ್ಚಲಾರದು. ನಮ್ಮೂರು ಆ ಕಪ್ಪಿನಲ್ಲಿದೆ, ನಿಮ್ಮೂರು ಮಸುಕಿನಲ್ಲಿದೆ” ಎಂದೆ. ಗ್ರಹಣದ ಮಧ್ಯಾಹ್ನ ಎಲ್ಲರೂ ಶಾಲೆಯಂಗಳಕ್ಕೆ ಬನ್ನಿ, ಸೂರ್ಯನ ಕಡೆ ತಲೆ ಎತ್ತದೆ, ರಟ್ಟಿನ ಸೂಜಿತೂತಿನಿಂದ ಅವನ ಬಿಂಬವನ್ನು ಕಾಗದದ ಮೇಲೆ ಬೀಳಿಸಿ ನೋಡೋಣ ಎಂದೂ ಹೇಳಿದೆ.

ಒಂಬತ್ತನೆಯ ತರಗತಿಯ ಹರಿಣಾಕ್ಷಿ ಎದ್ದು ನಿಂತಳು. “ಟೀಚರ್, ನೀವೂ ಬರ್ತೀರಾ? ಟೀಚರ್ ಹೊಟ್ಟೆಯಲ್ಲಿ ಮಗು ಉಂಟು, ಅವರು ಹೊರಗೆ ಬಂದ್ರೆ ಮಾತ್ರ ನಿನ್ನನ್ನು ಕಳಿಸ್ತೇನೆ ಅಂತ ಅಮ್ಮ ಹೇಳಿದ್ದಾರೆ.”

‘ಬರ್ತೇನೆ’ ಎಂದುಬಿಟ್ಟೆ.

ನೆರಳು ಮಗುವಿಗೆ ಏನೂ ಮಾಡದು ಎಂದು ನನಗೆ ಗೊತ್ತಿತ್ತು. ಆದರೆ ಹಿಂದಿನ ಗರ್ಭ ಯಾಕೆ ಹೋಯಿತೆಂದು ಡಾಕ್ಟರಿಗೂ ಗೊತ್ತಿರಲಿಲ್ಲ. ಈ ಸಲವೂ ಏನಾದರೂ ಆದರೆ? ಗ್ರಹಣಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ಯಾರನ್ನು ನಂಬಿಸಲಿ? ಮೊದಲು ನನ್ನನ್ನೇ ಹೇಗೆ ನಂಬಿಸಲಿ? ಯಜಮಾನರನ್ನು ಕೇಳಿದೆ. “ಪಾಠ ನಿಂದು, ಹೊಟ್ಟೀನೂ ನಿಂದು. ನಾ ಏನ್ ಹೇಳ್ಲಿ?” ಎಂದವರು ಊಟ ಅರ್ಧಕ್ಕೇ ಬಿಟ್ಟು ಎದ್ದರು.

ಗ್ರಹಣದ ಮಧ್ಯಾಹ್ನ ಅವರಿಗೆ ಡ್ಯೂಟಿ ಇತ್ತು. ಕುಸುಮಕ್ಕ ಚಾವಡಿಯ ಬಾಗಿಲಿಗೆ ಅಡ್ಡ ನಿಂತರು. “ನಾನು ಬಿಡುವುದಿಲ್ಲ. ನಿಮ್ಮ ಅಮ್ಮ ಇಲ್ಲಿ ಇದ್ದಿದ್ರೆ ಬಿಡ್ತಿದ್ರಾ?”

“ಬಿಡ್ತಿರಲಿಲ್ಲ.”

“ಮತ್ತೆ?”

“ನಾನು ಹೋಗದಿದ್ದರೆ ಮಕ್ಕಳ್ಯಾರೂ ಬರೋದಿಲ್ಲ ಅಕ್ಕ. ಇಷ್ಟು ದಿನ ಹೇಳಿದ ಪಾಠ ಸುಳ್ಳಾಗ್ತದೆ.”

ಅವರು ಮುಖ ತಿರುಗಿಸಿ ದಾರಿ ಬಿಟ್ಟರು. ಆ ಮುಖ ನೋಡಿ ಹಿಂತಿರುಗಿಬಿಡೋಣ ಅನಿಸಿತು.

ರಸ್ತೆಯಲ್ಲಿ ಒಂದು ಬಸ್ಸಿಲ್ಲ, ಜನರಿಲ್ಲ. ಅಂಗಡಿಗಳಿಗೆ ಹಲಗೆ ಹಾಕಿತ್ತು. ಮುಚ್ಚಿದ ಕಿಟಕಿಗಳ ಸಂದಿಯಿಂದ ಜನ ನನ್ನನ್ನು ನೋಡುತ್ತಿದ್ದರೇನೋ ಎಂದು ಬೆನ್ನು ಸೆಟೆದಿತ್ತು. ಬಿಸಿಲು ಬಿಸಿಲಾಗಿ ಉಳಿದಿರಲಿಲ್ಲ; ಹಳೆಯ ಹಿತ್ತಾಳೆಯ ಬಣ್ಣ ಅದಕ್ಕೆ. ಕೆರೆಯ ಕಡೆಯಿಂದ ತಣ್ಣನೆಯ ಗಾಳಿ ಬಂತು.

ಅಂಗಳದ ಮಾವಿನ ಮರದಡಿ ಏಳೆಂಟು ಮಕ್ಕಳಿದ್ದರು. ಹರಿಣಾಕ್ಷಿಯ ಅಮ್ಮ ಗೇಟಿನಾಚೆ ಮಗಳ ಕೈ ಹಿಡಿದು ನಿಂತಿದ್ದರು. ನನ್ನ ಹೊಟ್ಟೆ ನೋಡಿದರು, ಮುಖ ನೋಡಿದರು, ಕೈ ಬಿಟ್ಟರು. ಹುಡುಗಿ ಓಡಿ ಬಂದಳು.

ರಟ್ಟು ಹಿಡಿದೆವು. ಕಾಗದದ ಮೇಲೆ ಕಡಲೆಕಾಳಿನಷ್ಟು ಸೂರ್ಯ, ಅರ್ಧಕ್ಕಿಂತ ಹೆಚ್ಚು ಕಚ್ಚಿದಂತೆ. “ಟೀಚರ್, ನೆಲ ನೋಡಿ!” ಎಂದು ಯಾರೋ ಕೂಗಿದರು. ಎಲೆಗಳ ಸಂದಿಯಿಂದ ಬಿದ್ದ ಬೆಳಕಿನ ಚುಕ್ಕೆಯೆಲ್ಲ ಕುಡುಗೋಲಾಗಿತ್ತು. ಅಂಗಳದ ತುಂಬ ನೂರಾರು ಪುಟ್ಟ ಸೂರ್ಯರು, ಎಲ್ಲರೂ ಸವೆಯುತ್ತಿದ್ದರು. ಕಾಗೆಗಳು ಗೂಡಿಗೆ ಮರಳತೊಡಗಿದವು.

ಆಗಲೇ ಕಿಬ್ಬೊಟ್ಟೆಯಲ್ಲಿ ಚಳಕು ಹೊಡೆಯಿತು. ಹಿಂದಿನ ವರ್ಷವೂ ಹೀಗೆಯೇ ಶುರುವಾಗಿತ್ತು. ಮರದ ಬುಡದಲ್ಲಿ ಕುಕ್ಕರಿಸಿದೆ. ಮಕ್ಕಳು ರಟ್ಟು ಕೆಳಗಿಟ್ಟರು. ಗೇಟಿನ ಕಡೆ ನೋಡುವ ಧೈರ್ಯ ನನಗಿರಲಿಲ್ಲ.

ತಲೆಯ ಮೇಲೆ ಒಂದು ಕರಿ ಕೊಡೆ ಬಿಚ್ಚಿಕೊಂಡಿತು. ಕುಸುಮಕ್ಕ! ಸೂರ್ಯನಿಗೆ ಬೆನ್ನು ಹಾಕಿ, ಕಣ್ಣು ಬಿಗಿಯಾಗಿ ಮುಚ್ಚಿ ನಿಂತಿದ್ದರು. “ಒಬ್ಬರನ್ನೇ ಬಿಡ್ಲಿಕ್ಕೆ ಆಗ್ತದಾ? ಉಸಿರು ಎಳೀರಿ. ನಿಧಾನ, ನಿಧಾನ. ನಡೆದು ಬಂದ ಆಯಾಸ, ಬೇರೆ ಎಂತ ಇಲ್ಲ.”

ನೋವು ಇನ್ನೊಮ್ಮೆ ಬಂತು, ಮತ್ತೆ ಸಡಿಲಿತು. ಒಳಗೆ ಮಗು ಹೊರಳಿದ್ದು ತಿಳಿಯಿತು. ಎದ್ದು ನಿಂತೆ. “ರಟ್ಟು ತೆಗೀರಿ, ಈಗ ಬೆಳಕು ಯಾವ ಕಡೆಯಿಂದ ಬೆಳೀತದೆ ನೋಡ್ರಿ” ಎಂದೆ. ಆ ದಿನ ನನ್ನ ‘ನೋಡ್ರಿ’ಗೆ ಯಾರೂ ನಗಲಿಲ್ಲ.

ಬಾಣಂತನಕ್ಕೆ ಗದಗಿಗೆ ಹೋದೆ. ಅಲ್ಲಿಯವರೆಗಿನ ಪ್ರತಿ ರಾತ್ರಿ ಹೊಟ್ಟೆಯ ಮೇಲೆ ಕೈಯಿಟ್ಟೇ ಮಲಗಿದ್ದೆ. ಮಗಳು ಹುಟ್ಟಿದಳು, ಗಟ್ಟಿ ದನಿಯಲ್ಲಿ ಅತ್ತಳು. ನೋಡಲು ಬಂದ ಓಣಿಯ ಹೆಂಗಸರು, “ಮಂಗಳೂರ ನೀರು ಕುಡದಾಕಿ, ಅಂಜಿಕಿ ಎಲ್ಲಿಂದ ಬರ್ಬೇಕು? ನಮ್ಮಾಕಿ ಆಗಿದ್ರ ಗ್ರಹಣದಾಗ ಹೊರಗ ಬರ್ತಿದ್ಲೇನು?” ಎಂದರು.

ಕೂಸಿನೊಂದಿಗೆ ಕಾವೂರಿಗೆ ಮರಳಿದೆ. ಕುಸುಮಕ್ಕ ಹೊಸ್ತಿಲಲ್ಲೇ ಕೂಸಿನ ಬಟ್ಟೆ ಬಿಚ್ಚಿ ತುಟಿ, ಕಿವಿ, ಬೆರಳು ಒಂದೊಂದಾಗಿ ಮುಟ್ಟಿ ನೋಡಿ, ಆಮೇಲೆ ಮಗುವನ್ನು ಎದೆಗವಚಿಕೊಂಡು ಅತ್ತರು. ಹರಿಣಾಕ್ಷಿಯ ಅಮ್ಮನೂ ಬಂದಿದ್ದರು. ನೆರೆದವರಿಗೆ ಅವರು ಹೆಮ್ಮೆಯಿಂದಲೇ ಹೇಳಿದರು: “ಟೀಚರ್ ಘಟ್ಟದ ಮೇಲಿನವರಲ್ವಾ, ಅವರಿಗೆ ಹೆದರಿಕೆ ಎಲ್ಲಿ ಉಂಟು? ನಮ್ಮವರಾಗಿದ್ರೆ ಹೊರಗೆ ಬರ್ತಿರ್ಲಿಲ್ಲ.”

ಎರಡೂ ಊರಿನವರು ಹೊಗಳಿದ್ದೇ ನಿಜ. ಆದರೆ ಹೊಗಳುತ್ತಲೇ ನನ್ನನ್ನು ಇನ್ನೊಂದು ಊರಿಗೆ ಬಿಟ್ಟುಕೊಟ್ಟಿದ್ದರು.