ಅವ್ವ ಜೋಪಾನ ಮಾಡಿದ ಚಿಪ್‌ಗಳು

ಚಿಪ್ ಆರಿಸುವ ವಿಷಯದಲ್ಲಿ ನನ್ನ ಗೆಳೆಯನಷ್ಟು ಮೊಂಡನನ್ನು ನಾನು ಕಂಡಿಲ್ಲ. ಚಳ್ಳಕೆರೆಯ ಒಂದು ಬಾಡಿಗೆ ಕೋಣೆಯಲ್ಲಿ ನಾವಿಬ್ಬರೂ ಹವ್ಯಾಸಿಗಳಿಗಾಗಿ ಎಲೆಕ್ಟ್ರಾನಿಕ್ಸ್ ಕಿಟ್ ಮಾಡುತ್ತಿದ್ದೆವು. ಡಬ್ಬಿಯಲ್ಲಿ ಒಂದು ಬೋರ್ಡು, ಪುಟ್ಟ ದೀಪ, ಬಜರ್, ಮತ್ತು ಇವನ್ನೆಲ್ಲ ಕುಣಿಸುವ ಮೈಕ್ರೋಕಂಟ್ರೋಲರ್ ಚಿಪ್. ಕೊಂಡವರು ತಾವೇ ಜೋಡಿಸಿಕೊಳ್ಳಬೇಕು. ಬೋರ್ಡು ನನ್ನದು, ಚಿಪ್ಪಿನೊಳಗಿನ ಪ್ರೋಗ್ರಾಮ್ ಅವನದು, ಜಗಳ ಇಬ್ಬರದೂ.

ಅವನಿಗೆ ಎಂಟು ಕಾಲಿನ ಹಳೆಯ ದಪ್ಪ ಚಿಪ್ಪೇ ಆಗಬೇಕು. ಅಕ್ಕಿಕಾಳಿನಷ್ಟು ಸಣ್ಣವು ಸಲೀಸಾಗಿ ಸಿಗುತ್ತವೆ, ಅವೇ ಸಾಕು ಎಂದು ನಾನು ಗೋಗರೆಯುತ್ತಿದ್ದೆ.

“ಲೇ, ಮೊದಲ್ನೇ ಸಲ ಸೋಲ್ಡರ್ ಹಿಡಿಯೋನು ಅದನ್ನ ಹೆಂಗೆ ಕೂರಿಸ್ತಾನೆ? ನಮ್ಮ ಕಿಟ್ನಾಗೆ ಚಿಪ್ಪು ಕೈಗೆ ಸಿಗಬೇಕು” ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದ.

ಆಮೇಲೆ ಎಲ್ಲೆಡೆ ಚಿಪ್‌ಗಳ ಅಭಾವ ಬಂತು. ಬೆಂಗಳೂರಿನ ಅಂಗಡಿಗಳಲ್ಲಿ ಸ್ಟಾಕ್ ಇಲ್ಲ. ಆನ್‌ಲೈನಿನಲ್ಲಿ ತರಿಸಿದರೆ ನಕಲಿ. ಪಾರ್ಸೆಲ್ ಒಡೆದ ಕೂಡಲೇ ಅವನು ಹತ್ತಿಯನ್ನು ಥಿನ್ನರಿನಲ್ಲಿ ಅದ್ದಿ ಚಿಪ್ಪಿನ ನೆತ್ತಿ ಉಜ್ಜುತ್ತಿದ್ದ. ಅಸಲಿಯಾದರೆ ಅಕ್ಷರ ಅಲ್ಲಾಡುವುದಿಲ್ಲ. ನಕಲಿಯಾದರೆ ಹತ್ತಿಗೇ ಬಂದುಬಿಡುತ್ತದೆ. “ಇವ್ನ ಮನೆ ಕಾಯೋಗ, ಬಣ್ಣ ಬಳ್ದು ಕಳ್ಸಿದಾನೆ ಕಣಲೇ!” ಎಂದು ಬೈಯುತ್ತಾ ನಗುತ್ತಿದ್ದ. ನನಗೆ ಮೈ ಉರಿಯುತ್ತಿತ್ತು. ಕೊನೆಗೆ ಬಳ್ಳಾರಿಯಲ್ಲಿ ಬಾಗಿಲು ಮುಚ್ಚುತ್ತಿದ್ದ ಒಂದು ಹಳೆಯ ಅಂಗಡಿಯಿಂದ ಒಂದು ಹಿಡಿ ಅಸಲಿ ಚಿಪ್ ಗಿಟ್ಟಿಸಿಕೊಂಡು ನೇರ ತನ್ನ ಮನೆಗೆ ಹೋದ.

ಅವನ ಮನೆ ಮೊಳಕಾಲ್ಮೂರಿನಲ್ಲಿ. ರೇಷ್ಮೆ ಸೀರೆ ನೇಯುವ ಮನೆತನ. ಮಂಡಿ ನೋವಿನಿಂದ ಕೂರಲಾಗದೆ ಅವನ ಅವ್ವ ಮಗ್ಗ ಬಿಟ್ಟಿದ್ದಳು. ಮಗ್ಗವನ್ನು ಬೇರೆಯವರು ಬಿಚ್ಚಿಕೊಂಡು ಹೋದ ಮೇಲೆ, ಸದ್ದಿಲ್ಲದ ಮನೆಯಲ್ಲಿ ಅವಳಿಗೆ ನಿದ್ದೆಯೇ ಹತ್ತುತ್ತಿರಲಿಲ್ಲವಂತೆ.

ಒಂದು ಸಂಜೆ ಅವನ ಫೋನ್ ಬಂತು. “ಲೇ, ಈ ಚಿಪ್ಪುಗಳಾಗೆಲ್ಲಾ ಅವ್ವನ ಮಗ್ಗ ಹಾಕೀನಿ ಕಣಲೇ. ಲಾಳಿ ಓಡೋ ಸದ್ದು, ಮಗ್ಗ ಬಡಿಯೋ ಸದ್ದು, ಎಲ್ಲಾ ಐತೆ. ಅವ್ವಗಿನ್ನೂ ಕೇಳಿಸಿಲ್ಲ. ನಾಳೆ ಬಂದು ನಿನ್ನ ಬೋರ್ಡು ತಗೊಂಡು ಹೋಗ್ತೀನಿ. ಪೂರಾ ಕಿಟ್ ಮಾಡೇ ಕೇಳಿಸ್ಬೇಕು.”

ಮರುದಿನ ಚಿಪ್‌ಗಳನ್ನು ಅವ್ವನ ಕೈಗಿಟ್ಟು, ಲ್ಯಾಪ್‌ಟಾಪ್ ಬೆನ್ನಿಗೆ ಹಾಕಿಕೊಂಡು ಬೈಕ್ ಹತ್ತಿದ. ಬಿ.ಜಿ. ಕೆರೆ ಹತ್ತಿರ ಲಾರಿ ಗುದ್ದಿತು. ಅವನೂ ಉಳಿಯಲಿಲ್ಲ, ಲ್ಯಾಪ್‌ಟಾಪೂ ಉಳಿಯಲಿಲ್ಲ. ಆ ಮಗ್ಗದ ಸದ್ದು ಉಳಿದದ್ದು ಅವ್ವನ ಬಳಿಯಿದ್ದ ಚಿಪ್‌ಗಳಲ್ಲಿ ಮಾತ್ರ.

ಬೋರ್ಡು ನನ್ನ ಮೇಜಿನ ಮೇಲೇ ಇತ್ತು. ಅದನ್ನು ಹಿಡಿದು ಆ ಹೊಸಿಲು ದಾಟುವ ಧೈರ್ಯ ಬಂದದ್ದು ಅವನ ವರ್ಷದ ಕಾರ್ಯ ಮುಗಿದ ಮೇಲೆ. ಮಗನ ಚಿಪ್ಪು ಮಗ್ಗದ ಹಾಗೆ ಸದ್ದು ಮಾಡುತ್ತದೆ ಎಂದಾಗ ಅವ್ವ ಒಳಗೆ ಹೋಗಿ ಟ್ರಂಕಿನಿಂದ ಒಂದು ಗಂಟು ತಂದಳು. ಕೆಂಪು ರೇಷ್ಮೆಯ ಗಂಟು.

“ನಿನ್ನ ಗೆಳೆಯ ಇವನ್ನ ಒಂದು ಕರೀ ಸ್ಪಂಜಿಗೆ ಚುಚ್ಚಿಕ್ಕಿದ್ದ. ಚಿನ್ನ ಇದ್ದಂಗೆ ಅವ್ವ, ಜ್ವಾಪಾನ ಅಂತ ಹೇಳಿ ಹೋದ. ಚಿನ್ನನ ಆ ಕೊಳಕಿನಾಗೆ ಇಕ್ತಾರಾ? ಬಿಸಾಕಿದೆ. ಇದು ನಾನು ಕಡೀಗೆ ನೇಯ್ದ ಸೀರೆ ತುಂಡು. ದಿನಾ ಬೆಳಿಗ್ಗೆ ದೀಪ ಹಚ್ಚಿ, ಒಂದೊಂದನ್ನೂ ಇದ್ರಾಗೆ ಒರೆಸಿ ಇಕ್ತೀನಿ.”

ಆ ಕರಿ ಸ್ಪಂಜು ಇದ್ದದ್ದೇ ಚಿಪ್ಪನ್ನು ಸ್ಥಿರ ವಿದ್ಯುತ್ತಿನಿಂದ ಕಾಯಲು. ನಮ್ಮ ಈ ಒಣ ಹವೆಯಲ್ಲಿ ರೇಷ್ಮೆಯಿಂದ ಏನನ್ನು ಉಜ್ಜಿದರೂ ವಿದ್ಯುತ್ ಹುಟ್ಟುತ್ತದೆ. ನಮ್ಮ ಕೈಗೆ ಗೊತ್ತೂ ಆಗದಷ್ಟು ಸಣ್ಣ ಕಿಡಿ ಚಿಪ್ಪನ್ನು ಒಳಗೊಳಗೇ ಸುಟ್ಟುಬಿಡಬಲ್ಲದು. ಆದರೆ ಆ ಮನೆಯಲ್ಲಿ ರೇಷ್ಮೆಗಿಂತ ದೊಡ್ಡದು ಯಾವುದಿತ್ತು? ತನ್ನಲ್ಲಿದ್ದುದರಲ್ಲಿ ಮೇಲಾದದ್ದನ್ನೇ ಅವಳು ಕೊಟ್ಟಿದ್ದಳು.

ಒಂದು ಚಿಪ್ಪನ್ನು ಬೋರ್ಡಿಗೆ ಕೂರಿಸಿ ಸ್ವಿಚ್ ಒತ್ತಿದೆ. ಇಲ್ಲ. ತೆಗೆದು ಇನ್ನೊಂದು ಹಾಕಿದೆ. ಅದೂ ಇಲ್ಲ. ಅವ್ವ ಸೆರಗನ್ನು ಕಿವಿಯ ಹಿಂದೆ ಸರಿಸಿಕೊಂಡು, ಬಗ್ಗಿ, ಉಸಿರು ಹಿಡಿದು ಕೂತಿದ್ದಳು. ಎಲ್ಲವನ್ನೂ ಹಾಕಿ ನೋಡಿದೆ. ಬ್ಯಾಟರಿ ಬದಲಿಸಿ ಮತ್ತೆ ಮೊದಲಿನಿಂದ ಹಾಕಿದೆ. ದೇವರೇ, ಒಂದಾದರೂ, ಎಂದು ಬೇಡಿಕೊಂಡೆ. ಒಂದೂ ಬಾಯಿ ಬಿಡಲಿಲ್ಲ.

“ಯಾಕಪ್ಪಾ, ಸದ್ದೇ ಬರ್ತಿಲ್ಲ? ನಾನೇನಾದ್ರೂ ಕೆಡಿಸಿದ್ನಾ?”

“ಇಲ್ಲವ್ವ, ನನ್ನ ಬೋರ್ಡು ಕೆಟ್ಟೈತೆ.”

ಅವಳ ಮುಖ ಅರಳಿತು. “ಅಷ್ಟೇನಾ? ನನ್ನ ಜೀವ ಹೋಗಿ ಬಂತು ನೋಡು. ಸರಿ ಮಾಡ್ಕೊಂಡು ಬಾರಪ್ಪ, ನಿಧಾನಕ್ಕೆ ಬಾ. ಅಲ್ಲೀಗಂಟ ಇವು ನನ್ನತ್ರ ಜ್ವಾಪಾನ ಇರ್ತಾವೆ.”

ಏನೂ ಕೆಡದ ಬೋರ್ಡನ್ನು ನಾನು ಚೀಲಕ್ಕೆ ಹಾಕಿಕೊಂಡೆ. ಅವ್ವ ಚಿಪ್‌ಗಳನ್ನೆಲ್ಲ ತನ್ನ ಮುಂದೆ ಎಳೆದುಕೊಂಡಳು. ನನ್ನ ಕೈ ತಾಗಿತ್ತಲ್ಲ, ಒಂದೊಂದನ್ನೇ ಎತ್ತಿ ರೇಷ್ಮೆಯಿಂದ ಒರೆಸಿ ಒರೆಸಿ ಇಡತೊಡಗಿದಳು.