ಒಂದೇ ಪರದೆಯ ಮುಂದೆ ಇಬ್ಬರು

ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದವಳಿಗೆ ಕಡತದಕ್ಕ ಎಂಬ ಹೆಸರೇ ಅಂಟಿಕೊಂಡಿತ್ತು. ಅವಳ ಜೊತೆಗಾತಿ ಮೂರು ವರ್ಷಕ್ಕೆ ಚಿಕ್ಕವಳು, ಎಲ್ಲರ ಬಾಯಲ್ಲೂ ಮಾತಿನಮಲ್ಲಿ.

ಕಡತಗಳೆಲ್ಲ ಕಂಪ್ಯೂಟರಿಗೆ ಹೋಗುತ್ತವೆ, ಡೇಟಾಬೇಸ್ ಕಲಿತವರಷ್ಟೇ ಉಳಿಯುತ್ತಾರೆ ಎಂದು ಮೇಲಧಿಕಾರಿ ಹೇಳಿಹೋದ ದಿನ ಕಡತದಕ್ಕ ಊಟದ ಡಬ್ಬಿಯನ್ನೇ ತೆರೆಯಲಿಲ್ಲ. ದಾರಿ ಹುಡುಕಿದವಳು ಮಾತಿನಮಲ್ಲಿ.

"ಒಂದು ಕಾಲೇಜಿನವರು ಆನ್‌ಲೈನಲ್ಲೇ ಕಲಿಸ್ತಾರಂತೆ ಅಕ್ಕ. ಫೀಸು ನಮ್ಮ ಕೈಗೆಟುಕೋ ಹಾಗಿದೆ, ಸಾಫ್ಟ್‌ವೇರು ಪುಕ್ಕಟೆ."

"ಈ ವಯಸ್ಸಲ್ಲಿ ನನ್ನ ತಲೆಗೆ ಹತ್ತುತ್ತೇನೇ?"

"ಹತ್ತದಿದ್ರೆ ನಾನು ಏಣಿ ಹಾಕ್ತೀನಿ, ಬಾ."

ವಾರಕ್ಕೆರಡು ಸಂಜೆ, ಕೆಲಸ ಮುಗಿದ ಮೇಲೆ, ದಾಖಲೆ ಕೋಣೆಯ ಕಂಪ್ಯೂಟರಿನ ಮುಂದೆ ಇಬ್ಬರೂ ಕೂರುತ್ತಿದ್ದರು. ಕೀಲಿಮಣೆಗೆ ಮಾತಿನಮಲ್ಲಿ ಕೈಯನ್ನೇ ಹಚ್ಚುತ್ತಿರಲಿಲ್ಲ. "ನೀನು ಓದು, ನಾನು ಕೇಳ್ತೀನಿ" ಎನ್ನುವಳು. ಮೇಷ್ಟ್ರು ಹೇಳಿದ್ದು ಅವಳಿಗೆ ಒಂದೇ ಸಲಕ್ಕೆ ಬಾಯಿಪಾಠ. ಎರಡು ಕೋಷ್ಟಕಗಳನ್ನು ಜೋಡಿಸುವ ಪಾಠ ಬಂದಾಗ ಕಡತದಕ್ಕನಿಗೆ ತಲೆಬುಡ ತಿಳಿಯಲಿಲ್ಲ. "ರೋಗಿ ಪಟ್ಟಿ ಒಂದು, ಔಷಧಿ ಪಟ್ಟಿ ಒಂದು. ಎರಡರಲ್ಲೂ ರೋಗಿಯ ನಂಬರ್ ಇದೆಯಲ್ಲ? ಅದನ್ನ ಹಿಡ್ಕೊಂಡು ಹೋಗು" ಎಂದು ಮಾತಿನಮಲ್ಲಿಯೇ ಬಿಡಿಸಿ ಹೇಳಿದಳು.

ಆದರೆ ಅಭ್ಯಾಸದ ಲೆಕ್ಕಗಳನ್ನು ಮಾಡಿ ಮಾಡಿ ಬೆರಳು ಸೋತ ಒಂದು ಸಂಜೆ ಕಡತದಕ್ಕ ರೇಗಿಬಿಟ್ಟಳು. "ನನ್ನನ್ನ ಇದಕ್ಕೆ ತಂದು ಹಾಕಿ ನೀನು ಆರಾಮಾಗಿ ಕೂತಿರ್ತೀಯ. ಸೋಮಾರಿ!" ಮಾತಿನಮಲ್ಲಿ ತನ್ನ ಚೀಲ ತಡಕಿ ತೆಗೆದುಕೊಂಡು ಎದ್ದು ಹೋದಳು.

ಪರೀಕ್ಷೆಯನ್ನು ಒಬ್ಬೊಬ್ಬರೇ ಬರೆಯಬೇಕಿತ್ತು. ಕಡತದಕ್ಕ ಪಾಸಾದಳು. ಮಾತಿನಮಲ್ಲಿ ಮೊದಲ ಪ್ರಶ್ನೆಯನ್ನೂ ದಾಟಿರಲಿಲ್ಲ. ತಿಂಗಳ ಕೊನೆಗೆ ಅವಳ ಕೆಲಸ ಹೋಯಿತು. ಹೊರಡುವಾಗ ಬಾಗಿಲಲ್ಲಿ ತುಸು ಹೊತ್ತು ನಿಂತಿದ್ದಳು. ಕಲಿಯದೆ ಕೆಲಸ ಕಳೆದುಕೊಂಡಳೆಂಬ ಮುನಿಸಿನಿಂದ ಕಡತದಕ್ಕ ತಲೆ ಎತ್ತಲಿಲ್ಲ.

ನಾಲ್ಕು ತಿಂಗಳಾದ ಮೇಲೆ ಕಣ್ಣಿನ ವಿಭಾಗದವರು ತಮ್ಮಲ್ಲೇ ಇಟ್ಟುಕೊಂಡಿದ್ದ ಕಡತಗಳನ್ನು ಕಂಪ್ಯೂಟರಿಗೆ ಏರಿಸಲು ಕೆಳಗೆ ಕಳಿಸಿದರು. ಒಂದೊಂದನ್ನೇ ತುಂಬುತ್ತಾ ಹೋದ ಕಡತದಕ್ಕನ ಕೈ ಒಂದು ಹೆಸರಿನ ಮೇಲೆ ನಿಂತಿತು. ಮಾತಿನಮಲ್ಲಿಯದೇ. ಎರಡೂ ಕಣ್ಣಿನ ನರ ಬತ್ತುತ್ತಿದೆ, ವಾಸಿಯಾಗುವಂಥದ್ದಲ್ಲ, ಸಣ್ಣ ಅಕ್ಷರ ಆಗಲೇ ಕಾಣುತ್ತಿಲ್ಲ ಎಂದು ವೈದ್ಯರು ಬರೆದಿದ್ದರು. ತಾರೀಕು ನೋಡಿದಳು. ಅವರಿಬ್ಬರೂ ತರಗತಿಗೆ ಸೇರುವ ಹಿಂದಿನ ವಾರದ್ದು.

ಅಂದೇ ಅವಳ ಮನೆಗೆ ಹೋದಳು. ಮಾತಿನಮಲ್ಲಿ ಮಂಚದ ಮೇಲೆ ಕೂತು ಬಟ್ಟೆಗಳನ್ನು ತಡವಿ ತಡವಿ ಮಡಚುತ್ತಿದ್ದಳು. ಕಡತದಕ್ಕ ಎರಡೇ ಹೆಜ್ಜೆ ದೂರದಲ್ಲಿ ನಿಂತಿದ್ದರೂ "ಯಾರು?" ಎಂದಳು.

"ನಾನು ಕಣೇ. ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನೂ ಸೇರ್ತಿರ್ಲಿಲ್ಲ. ಒಬ್ಬಳೇ ಹೋಗೋ ಪೈಕಿನಾ ನೀನು?"

"ಸೋಮಾರಿ ಅಂದುಬಿಟ್ಟೆನಲ್ಲೇ ನಿನ್ನ."

"ಅದು ಚುಚ್ಚಿತು ಅಕ್ಕ. ಇಲ್ಲ ಅಂತ ಸುಳ್ಳು ಹೇಳಲ್ಲ."

ಕಡತದಕ್ಕ ಪಕ್ಕದಲ್ಲಿ ಕೂತು ಅವಳ ಕೈಯಿಂದ ಒಂದು ಅಂಗಿ ತೆಗೆದುಕೊಂಡಳು. ಮಡಚಲಾಗದೆ ಅದರಲ್ಲೇ ಮುಖ ಮುಚ್ಚಿಕೊಂಡು ಅತ್ತಳು. ಮಾತಿನಮಲ್ಲಿ ಅಳು ನಿಲ್ಲುವವರೆಗೆ ಅವಳ ಬೆನ್ನ ಮೇಲೆ ಕೈ ಇಟ್ಟು ಕೂತಿದ್ದಳು.

ಆಮೇಲೆ ಪ್ರತಿ ಭಾನುವಾರ ಕಡತದಕ್ಕ ಅವಳ ಮನೆಗೆ ಹೋಗಿಬರುತ್ತಿದ್ದಳು. ವರ್ಷ ತುಂಬುವಷ್ಟರಲ್ಲಿ ಮಾತಿನಮಲ್ಲಿಗೆ ಕಿಟಕಿಯ ಬೆಳಕೂ ಕಾಣದಾಯಿತು. ಕಾಲೇಜಿನ ಎರಡನೆಯ ಹಂತಕ್ಕೆ ಕಡತದಕ್ಕ ಒಬ್ಬಳೇ ಸೇರಿದಳು. ಮೊದಲ ಸಲ ನಪಾಸಾದಳು. ಮತ್ತೆ ಪರೀಕ್ಷೆಗೆ ಕಟ್ಟಿದಳು.