ಕವಿತಾಳಿಗೊಂದು ಕುರ್ಚಿ

ಕೊರೊನಾ ಕಳೆದು ಆಫೀಸುಗಳು ಮತ್ತೆ ಬಾಗಿಲು ತೆಗೆಯುತ್ತಿದ್ದ ವರ್ಷ. ನಾನಾಗ ದಾವಣಗೆರೆಯಲ್ಲಿ ಆಫೀಸುಗಳಿಗೆ ಇಂಟೀರಿಯರ್ ಡಿಸೈನ್ ಮಾಡುತ್ತಿದ್ದೆ. ಈಗಲೂ ಅದೇ ಕೆಲಸ. ವಿನೋಬನಗರದಲ್ಲಿ ನಮ್ಮ ಅಬ್ಬಾ ಬಡಗಿ. ಅವರು ಕುರ್ಚಿ ಮಾಡುತ್ತಿದ್ದರು, ನಾನು ಕುರ್ಚಿ ಎಲ್ಲಿಡಬೇಕೆಂದು ಹೇಳಿ ಬದುಕುತ್ತೇನೆ. ಎರಡರಲ್ಲಿ ಯಾವುದು ಕೆಲಸ, ಯಾವುದು ಬರೀ ಮಾತು ಎಂಬ ಬಗ್ಗೆ ನಮ್ಮ ಮನೆಯಲ್ಲಿ ಇನ್ನೂ ಒಮ್ಮತವಿಲ್ಲ.

ಎಸ್.ಎಸ್. ಬಡಾವಣೆಯ ರುದ್ರೇಶ್ ಎನ್ನುವವರು ಒಂದು ದಿನ ಕರೆಸಿಕೊಂಡರು. ಅವರದು ಸಣ್ಣ ಕಂಪನಿ. ಬೇರೆ ಊರಿನ ಆಸ್ಪತ್ರೆಗಳ ಪರವಾಗಿ ರೋಗಿಗಳಿಗೆ ಫೋನ್ ಮಾಡಿ, ಡಾಕ್ಟರನ್ನು ಕಾಣುವ ಸಮಯ ಗೊತ್ತುಮಾಡಿಕೊಡುವುದು ಅವರ ಕೆಲಸ.

"ಮುನೀರ್ ಭಾಯ್, ಬಾಡಿಗೆಗೆ ಹಿಡಿದ ಮ್ಯಾಲಿನ ಮಹಡಿ ಬಿಟ್ಟುಬಿಡ್ತೀನ್ರಿ. ಇನ್ಮ್ಯಾಲೆ ನಮ್ದು ಹೈಬ್ರಿಡ್. ಕುರ್ಚಿ ಅರ್ಧ ಮಾಡಿಬಿಡ್ರಿ" ಎಂದರು.

ಹೈಬ್ರಿಡ್ ಎಂದರೆ ಒಂದಿಷ್ಟು ದಿನ ಮನೆಯಿಂದ ಕೆಲಸ, ಒಂದಿಷ್ಟು ದಿನ ಆಫೀಸಿನಿಂದ. ಕುರ್ಚಿ ಅರ್ಧವಾದರೆ ಹಾಟ್ ಡೆಸ್ಕ್ ಬೇಕು. ಅಲ್ಲಿ ಯಾರಿಗೂ ಸ್ವಂತ ಮೇಜಿಲ್ಲ, ಬಂದವರು ಖಾಲಿ ಇದ್ದಲ್ಲಿ ಕೂರಬೇಕು. ಥೇಟ್ ನಮ್ಮ ಬಸ್ಸಿನ ಹಾಗೆ, ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವಂತಿಲ್ಲ ಅಷ್ಟೆ.

"ಮನೆಯಿಂದ ಮಾಡೋಕೆ ಜನ ಒಪ್ಯಾರೇನ್ರಿ?" ಎಂದು ಕೇಳಿದೆ.

"ಮ್ಯಾನೇಜರ್ ಒಬ್ಬೊಬ್ರಿಗೂ ಫೋನ್ ಮಾಡಿ, ಮನ್ಯಾಗ ಅನುಕೂಲ ಐತೇನು ಅಂತ ಕೇಳ್ಯಾನೆ. ಒಬ್ರೂ ಇಲ್ಲ ಅಂದಿಲ್ಲ!"

ಇಂಥ ಉತ್ತರ ಸಿಕ್ಕರೆ ನಕ್ಷೆ ಹಾಕುವುದು ಸುಲಭ. ಹಾಕಿಕೊಟ್ಟೆ. ಮನೆಯಲ್ಲಿ ಕೆಲಸ ಮಾಡುವವರಿಗೆ ಕಂಪನಿಯಿಂದ ಮಡಚುವ ಮೇಜು ಕೊಡುವುದೆಂದೂ, ಜಾಗದ ಅಳತೆಗೆ ನಾನೇ ಹೋಗುವುದೆಂದೂ ಆಯಿತು. ಭಾನುವಳ್ಳಿಯ ಕವಿತಾ ಎಂಬ ಹುಡುಗಿಯ ಮನೆಗೆ ಹೊರಟಾಗ ರುದ್ರೇಶ್ ತಡೆದು ನಿಲ್ಲಿಸಿದರು.

"ಕೊರೊನಾದಾಗಿಂದ ಆಕಿ ಮನ್ಯಾಗೇ ಕುಂತು ಮಾಡ್ತಾಳೆ, ಫೋನ್‌ನ್ಯಾಗ ಬರೀ ಮನೀ ಗಲಾಟೆ. ಆಸ್ಪತ್ರೆಯೋರು ಎರಡು ಸಲ ಕಂಪ್ಲೇಂಟ್ ಮಾಡ್ಯಾರೆ. ಮೇಜು ಹಾಕಿದ್ಮ್ಯಾಲೂ ಹಿಂಗೇ ಆದ್ರೆ ಬಿಡಿಸಿಬಿಡೋದೇ."

ಹರಿಹರದಲ್ಲಿ ಬಸ್ಸು ಬದಲಿಸಿ ಭಾನುವಳ್ಳಿ ತಲುಪಿದೆ. ಕವಿತಾ ಪಡಸಾಲೆಯ ಕಿಟಕಿ ಪಕ್ಕ ಕೂತು ಫೋನಿನಲ್ಲಿ ಮಾತಾಡುತ್ತಿದ್ದಳು. ಒಳಕೋಣೆಯಲ್ಲಿ ನೆಟ್‌ವರ್ಕ್ ಇಲ್ಲ. ಅತ್ತೆ ಶಾಂತಮ್ಮ ಬಾಯ್ತುಂಬ ಕರೆದರು. "ಬರ್ರಿ, ಕೂಡ್ರಿ. ನಮ್ ಸೊಸೆ ಮನ್ಯಾಗೇ ಆಫೀಸ್ ಮಾಡ್ಯಾಳೆ ನೋಡ್ರಿ!" ಆ ಹೆಮ್ಮೆ ನಿಜವಾದದ್ದು. ಈ ಕಥೆಯಲ್ಲಿ ಕೆಟ್ಟ ಅತ್ತೆಯನ್ನು ಹುಡುಕುವವರು ಇಲ್ಲಿಗೇ ನಿಲ್ಲಿಸಬಹುದು.

ಅಷ್ಟರಲ್ಲಿ ಪಕ್ಕದ ಮನೆಯಾಕೆ ಒಳಗೆ ಬಂದಳು. "ಕವಿತಾ, ಯಾರ್ ಕೂಡ ಮಾತೇ ಅಷ್ಟೊತ್ತಿಂದ? ತವರುಮನೇರಾ?"

"ಮೆಲ್ಲಕ ಮಾತಾಡೇ! ಆಫೀಸಿಂದು!" ಎಂದು ಶಾಂತಮ್ಮ ಆಕೆಗಿಂತ ಜೋರಾಗಿ ಗದರಿದರು. ಆ ಕಡೆ ಫೋನಿನಲ್ಲಿದ್ದ ರೋಗಿಗೆ ಇಬ್ಬರೂ ಕೇಳಿಸಿರಬೇಕು. ಬಂದವಳನ್ನು ಮಾತಾಡಿಸದೆ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಕವಿತಾ ಫೋನಿಗೆ ಅಂಗೈ ಅಡ್ಡ ಹಿಡಿದು "ಕೂಡ್ರಿ ಅಕ್ಕಾ, ಚಾ ಕುಡಿದು ಹೋಗ್ರಿ" ಎಂದಳು.

ಅತ್ತೆ ಚಹಾ ತರಲು ಒಳಗೆ ಹೋದರು, ಹಿಂದೆಯೇ ಪಕ್ಕದ ಮನೆಯಾಕೆಯೂ ಹೋದಳು. ಕವಿತಾ ಫೋನ್ ಮುಗಿಸಿದ ಮೇಲೆ ನಾನು ಅಳತೆ ಟೇಪಿನ ಒಂದು ತುದಿಯನ್ನು ಅವಳ ಕೈಗೆ ಕೊಟ್ಟೆ. ಗೋಡೆಯ ಮೂಲೆಗೆ ಅದನ್ನು ಒತ್ತಿ ಹಿಡಿದು, ನನ್ನ ಕಡೆ ನೋಡದೆ, ಅವಳು ಮೆಲ್ಲಗೆ ಹೇಳಿದಳು.

"ಅಣ್ಣಾ, ಮೇಜು ಬ್ಯಾಡ. ಮೊದ್ಲಿನಂಗೆ ಆಫೀಸಿಗೇ ಕರೆಸ್ಕೊಳ್ಳೋ ಹಂಗೆ ಏನಾರ ಮಾಡ್ರಿ. ಈ ಕೆಲ್ಸ ಹೋದ್ರೆ ಹೊರಗೆ ಹೋಗಾಕೆ ನಂಗೆ ಇನ್ನೊಂದು ನೆಪ ಇಲ್ಲ."

"ಮತ್ತೆ ಮ್ಯಾನೇಜರ್ ಫೋನ್ ಮಾಡಿ ಕೇಳಿದಾಗ ಅನುಕೂಲ ಐತೆ ಅಂದಿದ್ದೆಯಂತೆ?"

"ಸ್ಪೀಕರ್ ಹಾಕಿದ್ದೆ, ಅತ್ತೆ ಪಕ್ಕದಾಗೇ ಇದ್ರು. ಅವರ ಮನ್ಯಾಗ ಕುಂತು ಅನುಕೂಲ ಇಲ್ಲ ಅಂತ ಹೆಂಗೆ ಹೇಳ್ಲಿ?"

ಟೇಪು ಸುತ್ತಿಕೊಂಡು ಬಂದೆ. ಆದರೆ ನಕ್ಷೆಯಲ್ಲಿ ಜಾಗವೇ ಉಳಿದಿರಲಿಲ್ಲ. ದಿನಾ ಬರುವವಳಿಗೆ ಖಾಯಂ ಕುರ್ಚಿ ಬೇಕು, ಸದ್ದು ಹೀರುವ ಗೋಡೆ ಬೇಕು. ಉಳಿದಿದ್ದ ಒಂದೇ ಒಂದು ದೊಡ್ಡ ಜಾಗವೆಂದರೆ ರುದ್ರೇಶರ ಗಾಜಿನ ಕ್ಯಾಬಿನ್. ಅದರೊಳಗೆ ಅವರು ಕೂತದ್ದನ್ನು ನಾನು ಕಂಡದ್ದೇ ಅಪರೂಪ. ಅವರ ವ್ಯವಹಾರವೆಲ್ಲ ಕಾರಿನಲ್ಲಿ, ಇಲ್ಲವೇ ಮಂಡಕ್ಕಿ-ಮಿರ್ಚಿ ಅಂಗಡಿಯ ಮುಂದೆ.

"ಸರ್, ಕ್ಯಾಬಿನ್ ತೆಗೀಬೇಕು" ಎಂದೆ.

"ಯಾವ್ದು, ನಂದಾ? ಏನ್ ಭಾಯ್, ಮಾಲೀಕಂಗೇ ಕುರ್ಚಿ ಇಲ್ಲ ಅಂದ್ರೆ ಬಂದೋರು ನನ್ನ ಗುಮಾಸ್ತ ಅನ್ಕೊಳ್ಳಲ್ವಾ?"

"ಈ ಆಫೀಸಿನಾಗ ಖರೇ ಹೈಬ್ರಿಡ್ ನೀವೊಬ್ರೇ. ಎಲ್ಲಿ ನಿಂತ್ರೂ ನಿಮ್ ಕೆಲ್ಸ ನಡೀತೈತೆ. ಕವಿತಾಂದು ನಡಿಯಂಗಿಲ್ಲ."

"ಆಕಿನೇ ಅನುಕೂಲ ಐತೆ ಅಂದಾಳಲ್ರಿ!"

"ನಿಮ್ ತಾಯಿ ಪಕ್ಕ ಕುಂತಿದ್ದಾಗ, ನಮ್ಮನ್ಯಾಗ ಅನುಕೂಲ ಇಲ್ಲ ಅಂತ ನೀವು ಹೇಳ್ತೀರೇನು?"

ರುದ್ರೇಶ್ ನಕ್ಕುಬಿಟ್ಟರು. "ಹೇಳಿದ್ರೆ ನಮ್ಮವ್ವ ನಂಗೆ ಅವತ್ತು ರೊಟ್ಟಿ ಹಾಕಾಂಗಿಲ್ಲ" ಎಂದರು. ಆಮೇಲೆ ಗಾಜಿನ ಕಡೆ ನೋಡಿ, "ತೆಗೀರಿ. ಆದ್ರೆ ಸಂಜಿ ಮ್ಯಾಲೆ ತೆಗೀರಿ, ಎಲ್ಲಾರ ಮುಂದೆ ಬ್ಯಾಡ" ಎಂದರು.

ಕ್ಯಾಬಿನ್ನಿನ ಜಾಗಕ್ಕೆ ಅಕೌಸ್ಟಿಕ್ ಪ್ಯಾನೆಲ್, ಎಂದರೆ ಸದ್ದು ಹೀರುವ ದಪ್ಪ ಹಲಗೆ ಹಾಕಿಸಿ, ಒಂದು ಸಾಲು ಖಾಯಂ ಕುರ್ಚಿ ಇಟ್ಟೆವು. ಉಳಿದದ್ದು ಹಾಟ್ ಡೆಸ್ಕ್ ಆಗಿಯೇ ಉಳಿಯಿತು. ಕವಿತಾಳ ಮನೆಗೆ ಫೋನ್ ಹಚ್ಚಲು ನಾನು ರುದ್ರೇಶರನ್ನೇ ಕೂರಿಸಿದೆ. "ಬಂದ್ರೆ ಬರ್ಲಿ" ಎನ್ನಬಾರದು, "ಬರಲೇಬೇಕು" ಎನ್ನಬೇಕು ಎಂದು ಮೊದಲೇ ಹೇಳಿಕೊಟ್ಟಿದ್ದೆ.

"ಅಮ್ಮಾರೇ, ನಿಮ್ ಸೊಸೆ ದಿನಾ ಇಲ್ಲಿಗೇ ಬರ್ಬೇಕ್ರಿ. ಆಕಿ ಇಲ್ದೆ ಇಲ್ಲಿ ಕೆಲ್ಸ ನಿಂತೈತೆ."

"ಅಯ್ಯೋ, ಅಷ್ಟು ಅಡಚಣಿ ಆಗೈತೇನ್ರಿ?" ಶಾಂತಮ್ಮನ ದನಿ ಏರಿತು. "ಕಳಿಸ್ತೀವಿ ಬಿಡ್ರಿ. ಬುತ್ತಿ ಕಟ್ಟಿ ಕಳಿಸ್ತೀನಿ, ನಿಮ್ ಹೋಟ್ಲು ಊಟ ಹಾಕಬ್ಯಾಡ್ರಿ ಮತ್ತೆ."

ಆ ಸಂಜೆಯೊಳಗೆ ಕವಿತಾ ಇಲ್ಲದಿದ್ದರೆ ದಾವಣಗೆರೆಯ ಆಫೀಸೇ ನಡೆಯುವುದಿಲ್ಲವೆಂಬ ಸುದ್ದಿ ಅವರ ಓಣಿಯಲ್ಲೆಲ್ಲ ಹಬ್ಬಿತಂತೆ. ಮೂರನೇ ಕಂಪ್ಲೇಂಟ್ ಬರಲಿಲ್ಲ. ಕವಿತಾ ಈಗ ಅಲ್ಲಿ ಹೊಸಬರಿಗೆ ಕೆಲಸ ಕಲಿಸುತ್ತಾಳೆ.

ಹೈಬ್ರಿಡ್ ಆಫೀಸಿನ ಬಗ್ಗೆ ದೊಡ್ಡ ದೊಡ್ಡ ಮಾತು ಕೇಳಿದ್ದೇನೆ. ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟೇ: ನಮ್ಮ ಕಡೆ ಮನೆಯಲ್ಲಿ ಅನುಕೂಲವೇ ಎಂದು ಕೇಳಿದರೆ ಮರ್ಯಾದಸ್ಥರು ಕೊಡುವ ಉತ್ತರ ಒಂದೇ. ಹಾಗಾಗಿ ನಾನು ಈಗ "ಬೆಳಿಗ್ಗೆ ಹೊತ್ತು ನಿಮ್ ಮನೇಗೆ ಯಾರ್ಯಾರು ಬರ್ತಾರ್ರಿ?" ಎಂದು ಕೇಳುತ್ತೇನೆ. ಜನ ಖುಷಿಯಿಂದ ಹೇಳಲು ಶುರು ಮಾಡುತ್ತಾರೆ. ಅವರು ಹೇಳಿ ಮುಗಿಸುವಷ್ಟರಲ್ಲಿ, ಆಫೀಸಿನಲ್ಲಿ ಇವರಿಗೊಂದು ಕುರ್ಚಿ ಬೇಕೋ ಬೇಡವೋ ನನಗೆ ಗೊತ್ತಾಗಿರುತ್ತದೆ.